ಮೂಗೊಂದಿದ್ದರೆ ಸಾಲದು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಕಾಡುಗಳಲ್ಲಿ ರಾತ್ರಿ ಹೊಸ ಹಿಮ ಬಿದ್ದು ನಿಂತಿತೆಂದರೆ ಬೇಟೆನಾಯಿ ಸಾಕಿದವರು ನಸುಕಿಗೂ ಮೊದಲೇ ಎದ್ದುಬಿಡುತ್ತಾರೆ. ಟ್ರಕ್ಕಿನ ಹಿಂಬದಿಯ ಪೆಟ್ಟಿಗೆಗಳಲ್ಲಿ ನಾಯಿಗಳನ್ನು ಕೂರಿಸಿಕೊಂಡು, ಕಾಡುದಾರಿಯಲ್ಲಿ ನಿಧಾನಕ್ಕೆ ಸಾಗುತ್ತಾ, ರಸ್ತೆ ದಾಟಿದ ಹೆಜ್ಜೆಗಳನ್ನು ಹುಡುಕುತ್ತಾರೆ. ಸುಮಾರು ಐದು ಸೆಂಟಿಮೀಟರ್ ಅಗಲ, ದುಂಡು ಆಕಾರ, ಉಗುರಿನ ಗುರುತಿಲ್ಲ. ನಾಯಿಯೋ ನರಿಯೋ ಆಗಿದ್ದರೆ ಉಗುರು ಮೂಡಿರುತ್ತಿತ್ತು. ಬೆಕ್ಕಿನ ಕುಲದ್ದು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ. ಸಿಕ್ಕಿತು, ಬಾಬ್‌ಕ್ಯಾಟ್.

ನಾಯಿಗಳನ್ನು ಬಿಡುತ್ತಾರೆ. ಅರ್ಧ ಗಂಟೆ ಕಾಡೆಲ್ಲ ಅವುಗಳ ಕೂಗು. ಆಮೇಲೆ ಇದ್ದಕ್ಕಿದ್ದಂತೆ ಸದ್ದಡಗುತ್ತದೆ. ಬೆಕ್ಕು ಉರುಳಿಬಿದ್ದ ಮರವೊಂದನ್ನು ಹತ್ತಿ, ಅದರ ಉದ್ದಕ್ಕೂ ನಡೆದು, ತುದಿಯಿಂದ ಪಕ್ಕದ ಪೊದೆಯೊಳಕ್ಕೆ ಹಾರಿದೆ. ನೆಲದ ಮೇಲಿನ ಜಾಡು ಅಲ್ಲಿಗೆ ಕಡಿಯಿತು. ಒಂದು ನಾಯಿ ಕಡಿದ ಜಾಗದಲ್ಲೇ ನಿಂತು ಬೊಗಳುತ್ತದೆ. ಇನ್ನೊಂದು ಬಂದ ದಾರಿಯಲ್ಲೇ ವಾಪಸು ಓಡುತ್ತದೆ. ಮೂರನೆಯದು ಬಾಯಿ ಮುಚ್ಚಿಕೊಂಡು ಮರದ ಸುತ್ತ ಒಂದು ಸುತ್ತು ಹಾಕುತ್ತದೆ. ಸಿಗಲಿಲ್ಲವೆಂದರೆ ಇನ್ನೂ ದೊಡ್ಡ ಸುತ್ತು. ಆ ಮೂರನೆಯ ನಾಯಿಯನ್ನು ಯಜಮಾನ ಎಷ್ಟು ಕೊಟ್ಟರೂ ಮಾರುವುದಿಲ್ಲ. ಅದರ ಮರಿಗಾದರೂ ಜನ ಕಾದು ಕೂರುತ್ತಾರೆ. ಸುತ್ತು ಹಾಕಿ ನೋಡುವ ಆ ಬುದ್ಧಿ ಮರಿಗೂ ಇಳಿಯುತ್ತದೆಯೇ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ.

ಬಾಬ್‌ಕ್ಯಾಟ್ ನಮ್ಮ ಕಾಡುಬೆಕ್ಕಿಗಿಂತ ದಪ್ಪ, ಬಾಲ ಮಾತ್ರ ಮೋಟು. ಗಂಡು ಹತ್ತು ಕಿಲೋ ಆಸುಪಾಸು ತೂಗುತ್ತದೆ. 2010ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅಮೆರಿಕದಲ್ಲಿ 23 ಲಕ್ಷದಿಂದ 35 ಲಕ್ಷ ಬಾಬ್‌ಕ್ಯಾಟ್‌ಗಳಿವೆ. ಅನೇಕ ರಾಜ್ಯಗಳಲ್ಲಿ ಪರವಾನಗಿ ಪಡೆದು ಅದನ್ನು ಬೇಟೆಯಾಡಬಹುದು. ವಾಷಿಂಗ್ಟನ್ ರಾಜ್ಯದ ಜನ 1996ರಲ್ಲಿ ಮತ ಹಾಕಿ ನಾಯಿ ಬಿಟ್ಟು ಬೇಟೆಯಾಡುವುದನ್ನು ನಿಲ್ಲಿಸಿದರು. 2013ರಿಂದ ಕ್ಯಾಲಿಫೋರ್ನಿಯವೂ ನಿಲ್ಲಿಸಿತು. ಬೇಟೆಯೆಂದರೆ ನನಗೂ ಒಲವಿಲ್ಲ. ಕೊನೆಗೆ ನಾಯಿಗಳಿಂದ ತಪ್ಪಿಸಿಕೊಳ್ಳಲು ಮರ ಹತ್ತಿದ ಬೆಕ್ಕಿನ ಫೋಟೊ ತೆಗೆದುಕೊಂಡು, ನಾಯಿಗಳಿಗೆ ಹಗ್ಗ ಹಾಕಿ ಮನೆಗೆ ಹೊರಡುವವರೂ ಅಲ್ಲಿ ಸಾಕಷ್ಟಿದ್ದಾರೆ ಎಂಬುದು ಬೇರೆ ಮಾತು. ನನ್ನ ಕುತೂಹಲವೆಲ್ಲ ಆ ಮೂರನೆಯ ನಾಯಿಯ ತಲೆಯೊಳಗೆ ಏನಿದೆ, ಅದನ್ನು ತಳಿಗಾರ ಹೇಗೆ ಹಿಡಿದಿಡುತ್ತಾನೆ ಎಂಬುದರ ಸುತ್ತ.

ಬೇಟೆನಾಯಿ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಮುಧೋಳ ನಾಯಿ. ಅದು ಕಣ್ಣಿನ ನಾಯಿ. ಬಯಲಿನಲ್ಲಿ ಮೊಲ ಕಂಡರೆ ಬಾಣದಂತೆ ಓಡುತ್ತದೆ, ಸದ್ದಿಲ್ಲ, ಎಲ್ಲ ಕೆಲವೇ ನಿಮಿಷಗಳ ಆಟ. ಅಮೆರಿಕದ ಹೌಂಡ್ ಮೂಗಿನ ನಾಯಿ. ತಾನು ಕಾಣದ ಪ್ರಾಣಿಯನ್ನು ಗಂಟೆಗಟ್ಟಲೆ ಅಟ್ಟುತ್ತದೆ, ಅಟ್ಟುವಾಗ ಕೂಗುತ್ತಲೇ ಇರುತ್ತದೆ. ಕೂಗದಿದ್ದರೆ ದಟ್ಟ ಕಾಡಿನಲ್ಲಿ ಹಿಂದೆ ಬರುವ ಮನುಷ್ಯನಿಗೆ ಅದು ಎಲ್ಲಿದೆಯೆಂದು ತಿಳಿಯುವುದಾದರೂ ಹೇಗೆ?

ಮೂಗಿನ ವಿಷಯ ಮೊದಲು. ನಾಯಿ ಮೂಸುವಾಗ ಸೆಕೆಂಡಿಗೆ ಸುಮಾರು ಐದು ಬಾರಿ ಗಾಳಿ ಎಳೆಯುತ್ತದೆ. ಪೆನ್ಸಿಲ್ವೇನಿಯದ ಎಂಜಿನಿಯರುಗಳು ನಾಯಿಯ ಮೂಗಿನ ಒಳರಚನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಅದರಲ್ಲಿ ಗಾಳಿ ಹರಿಸಿ ನೋಡಿದರು. 2010ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಒಳಬಂದ ಗಾಳಿ ಅಲ್ಲೇ ಎರಡು ಪಾಲಾಗುತ್ತದೆ. ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚಿನ ಪಾಲು ಮೂಗಿನ ಹಿಂಬದಿಯ ವಾಸನೆಯ ಕೋಣೆಗೆ ನೇರ ಹೋಗುತ್ತದೆ, ಉಳಿದದ್ದು ಶ್ವಾಸಕೋಶಕ್ಕೆ. ಹೊರಬಿಡುವ ಉಸಿರು ಆ ಕೋಣೆಯನ್ನು ಕಲಕುವುದೇ ಇಲ್ಲ. ಹೊಳ್ಳೆಯ ಪಕ್ಕದ ಸೀಳಿನಿಂದ ಆಚೆ ಹೋಗಿಬಿಡುತ್ತದೆ. ವಾಸನೆ ಗ್ರಹಿಸುವ ಜೀನುಗಳು ನಮ್ಮಲ್ಲಿ ಸುಮಾರು 400 ಕೆಲಸ ಮಾಡುತ್ತಿದ್ದರೆ ನಾಯಿಯಲ್ಲಿ ಸುಮಾರು 800.

ಇನ್ನೂ ಸೋಜಿಗದ್ದು ಜಾಡಿನ ದಿಕ್ಕು. ಹೆಜ್ಜೆ ಎತ್ತ ಹೋಗಿದೆ, ಎತ್ತಣಿಂದ ಬಂದಿದೆ? ನಾರ್ವೆಯ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ತರಬೇತಾದ ನಾಯಿಗಳನ್ನು ಮನುಷ್ಯ ನಡೆದ ಜಾಡಿಗೆ ಅಡ್ಡಲಾಗಿ ತಂದು ಬಿಟ್ಟರು. ಜಾಡು ಸಿಕ್ಕೊಡನೆ ನಾಯಿಗಳು ವೇಗ ತಗ್ಗಿಸಿ ಎರಡರಿಂದ ಐದು ಹೆಜ್ಜೆಗಳನ್ನು ಮೂಸಿದವು. ಮೂರರಿಂದ ಐದು ಸೆಕೆಂಡಿನಲ್ಲಿ ತೀರ್ಮಾನಿಸಿ, ಸರಿಯಾದ ದಿಕ್ಕಿಗೇ ಹೊರಟವು. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ಒಂದೇ ಒಂದು ಸೆಕೆಂಡಿನ ಅಂತರ. ಅಷ್ಟರಲ್ಲಿ ವಾಸನೆ ಎಷ್ಟು ಹಳಸೀತು? ಆ ಎಳೆಯಷ್ಟು ವ್ಯತ್ಯಾಸವೇ ಅವಕ್ಕೆ ಸಾಕಾಗಿತ್ತು.

ಇಷ್ಟು ಓದಿದರೆ, ಬೇಟೆಯ ಹೌಂಡುಗಳನ್ನು ಮೂಗು ನೋಡಿ ಆರಿಸಿದ್ದಾರೆ ಎಂದೇ ಅನಿಸುತ್ತದೆ. ಬೇಟೆಗಾರರ ಮಾತೂ ಹಾಗೇ ಇದೆ. ರಾತ್ರಿ ನಡೆದುಹೋದ ಬೆಕ್ಕಿನ ಹಳಸಲು ಜಾಡನ್ನು ಬೆಳಗ್ಗೆ ಎತ್ತಬಲ್ಲ ನಾಯಿಗೆ 'ತಣ್ಣನೆಯ ಮೂಗು' ಇದೆ ಎನ್ನುತ್ತಾರೆ. ಬಿಸಿ ಜಾಡು ಸಿಕ್ಕರೆ ಮಾತ್ರ ಓಡುವುದಕ್ಕೆ 'ಬಿಸಿ ಮೂಗು'. ಆದರೆ ತಲೆಬುರುಡೆಗಳನ್ನು ಸ್ಕ್ಯಾನ್ ಮಾಡಿ ಅಳೆದ ಸಂಶೋಧಕರಿಗೆ ಈಚೆಗೆ ಕಂಡದ್ದು ಬೇರೆ. ವಾಸನೆಯ ನರಗಳು ಹಾದುಹೋಗುವ ತೂತುತೂತಿನ ಎಲುಬು ತೋಳಕ್ಕೆ ಹೋಲಿಸಿದರೆ ಎಲ್ಲ ಸಾಕುನಾಯಿಗಳಲ್ಲೂ ಕುಗ್ಗಿದೆ. ಮೂಗಿಗೆ ಹೆಸರಾದ ತಳಿಗಳಲ್ಲಿ ಅದು ಮಿಕ್ಕ ತಳಿಗಳಿಗಿಂತ ದೊಡ್ಡದೇನೂ ಅಲ್ಲ. ಅಂದರೆ ತಳಿಗಾರರು ಶತಮಾನಗಳಿಂದ ಆರಿಸುತ್ತಾ ಬಂದದ್ದು ಬಹುಶಃ ಮೂಗನ್ನಲ್ಲ, ಮೂಗನ್ನು ನೆಲದಿಂದ ಎತ್ತಲೊಲ್ಲದ ಹಟವನ್ನು. 4,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ವಾಸನೆಯ ನಾಯಿ, ಕುರಿ ಕಾಯುವ ನಾಯಿ ಎಂಬ ವಂಶಗಳ ನಡುವಿನ ಮುಖ್ಯ ವ್ಯತ್ಯಾಸಗಳು ಸಿಕ್ಕಿದ್ದು ಮಿದುಳು ಬೆಳೆಯುವಾಗ ಜೀನುಗಳ ಕೆಲಸವನ್ನು ಹೆಚ್ಚುಕಡಿಮೆ ಮಾಡುವ ಸ್ವಿಚ್ಚುಗಳಲ್ಲಿ.

ಬಾಬ್‌ಕ್ಯಾಟ್ ಈ ಮಾತನ್ನು ಕಾಡಿನಲ್ಲಿ ನಿತ್ಯ ಸಾಬೀತು ಮಾಡುತ್ತದೆ. ಕರಡಿಯ ಜಾಡು ಗಾಢ, ಸಾಧಾರಣ ನಾಯಿಗೂ ದಕ್ಕುತ್ತದೆ. ಈ ಬೆಕ್ಕಿನ ಜಾಡು ತೆಳು ಎಂಬುದು ಬೇಟೆಗಾರರ ಒಮ್ಮತದ ದೂರು. ಮೇಲಾಗಿ ಅದು ದೂರ ಓಡುವುದಿಲ್ಲ. ಹೊಂಚುಹಾಕಿ ಹಾರುವ ಪ್ರಾಣಿಗೆ ದೂರದ ಓಟದ ದಮ್ಮಿಲ್ಲ. ಬದಲಿಗೆ ದಟ್ಟ ಪೊದೆಯಲ್ಲೇ ಸುತ್ತಿ ಸುತ್ತಿ, ತನ್ನ ಹೆಜ್ಜೆಯನ್ನೇ ತುಳಿದು ಹಿಂದಿರುಗಿ, ಬಂಡೆಯ ಮೇಲೆ ನಡೆದು ಜಾಡನ್ನು ಸಿಕ್ಕುಗಟ್ಟಿಸುತ್ತದೆ. ಇಲ್ಲಿ ಗುಣಗಳೇ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ನಿಧಾನದ, ತಣ್ಣನೆಯ ಮೂಗಿನ ನಾಯಿ ಹಳೆ ಜಾಡನ್ನು ಬಿಡಿಸುತ್ತದೆ, ಆದರೆ ಎಬ್ಬಿಸಿದ ಬೆಕ್ಕಿಗೆ ಉಸಿರಾಡಲು ಪುರಸೊತ್ತು ಕೊಡುತ್ತದೆ. ವೇಗದ್ದು ಬೆಕ್ಕಿನ ಬೆನ್ನಿಗೇ ಬೀಳುತ್ತದೆ, ಆದರೆ ತಿರುವಿನಲ್ಲಿ ಜಾಡು ದಾಟಿ ನೂರು ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಅದಕ್ಕೇ ಒಂದೊಂದು ಗುಣದ ಒಂದೊಂದು ನಾಯಿ ಸೇರಿಸಿ ತಂಡ ಕಟ್ಟುತ್ತಾರೆ. ಮರ ಹತ್ತಿಸುವುದಕ್ಕೆ ಹೆಸರಾದ ಟ್ರೀಯಿಂಗ್ ವಾಕರ್ ತಳಿಗೆ ನರಿ ಓಡಿಸುವ ವೇಗದ ಹೌಂಡಿನ ರಕ್ತ ಬೆರೆಸುವವರೂ ಇದ್ದಾರೆ.

ಬೆರೆಸುವುದೇನೂ ಹೊಸತಲ್ಲ. ಟ್ರೀಯಿಂಗ್ ವಾಕರ್‌ನ ಮೂಲದಲ್ಲೇ ಒಬ್ಬ ಅನಾಮಿಕನಿದ್ದಾನೆ. 1852ರಲ್ಲಿ ಟೆನೆಸ್ಸಿಯಲ್ಲಿ ಜಿಂಕೆಯ ಬೆನ್ನುಹತ್ತಿ ಓಡುತ್ತಿದ್ದ ನಾಯಿಯೊಂದನ್ನು ಯಾರೋ ಕದ್ದು ತಂದು ಕೆಂಟಕಿಯ ಜಾರ್ಜ್ ವಾಷಿಂಗ್ಟನ್ ಮೌಪಿನ್‌ಗೆ ಮಾರಿದರು. ಅದರ ಕುಲಗೋತ್ರ ಇಂದಿಗೂ ಯಾರಿಗೂ ಗೊತ್ತಿಲ್ಲ. 'ಟೆನೆಸ್ಸಿ ಲೀಡ್' ಎಂದು ಹೆಸರಾದ ಆ ನಾಯಿ ಅಲ್ಲಿನ ಇಂಗ್ಲಿಷ್ ಮೂಲದ ಹೌಂಡುಗಳಂತೆ ಕಾಣುತ್ತಿರಲಿಲ್ಲ, ದನಿಯೂ ಮೊಟಕು. ಆದರೆ ವೇಗ, ಹುರುಪು, ಬೇಟೆಯ ಬುದ್ಧಿ ಮೂರೂ ಇದ್ದವು. ಮೌಪಿನ್ ಅದನ್ನು ತನ್ನ ಹೆಣ್ಣುನಾಯಿಗಳಿಗೆ ಬಿಟ್ಟ. 1945ರಲ್ಲಿ ಟ್ರೀಯಿಂಗ್ ವಾಕರ್ ಪ್ರತ್ಯೇಕ ತಳಿಯಾಗಿ ದಾಖಲೆಗೆ ಸೇರಿತು. ಇವತ್ತು ಐದು ತಲೆಮಾರಿನ ವಂಶಾವಳಿ ತೋರಿಸಿ ಬೆಲೆ ಏರಿಸುವವರಿಗೆ ಈ ಕದ್ದ ನಾಯಿಯ ಕಥೆ ನೆನಪಿಸಬೇಕು ಅನಿಸುತ್ತದೆ.

ಈಗ ಮರಿಗೆ ಏನು ಇಳಿಯುತ್ತದೆ ಎಂಬ ಪ್ರಶ್ನೆ. ಕೂಗು ಇಳಿಯುತ್ತದೆ. ಅಮೆರಿಕದ ಪಶುವೈದ್ಯ ಲಿಯಾನ್ ವಿಟ್ನಿ 1929ರಲ್ಲೇ ಜಾಡಿನ ಮೇಲೆ ಕೂಗುವ ಹೌಂಡುಗಳನ್ನೂ ಕೂಗದ ತಳಿಗಳನ್ನೂ ಕೂಡಿಸಿ ನೋಡಿ ಬರೆದಿದ್ದ: ಮಿಶ್ರ ಮರಿಗಳೂ ಜಾಡಿನಲ್ಲಿ ಕೂಗಿದವು. ಆದರೆ ಅವುಗಳ ದನಿ ಹೌಂಡಿನ ಉದ್ದನೆಯ ಊಳಾಗಿರಲಿಲ್ಲ. ಕೂಗುವ ಪ್ರವೃತ್ತಿ ಬೇರೆ, ಕಂಠ ಬೇರೆ ಎಂದಾಯಿತು.

ಬುದ್ಧಿಯ ಮಾತು ಹಾಗಲ್ಲ. ಫಿನ್ಲೆಂಡಿನಲ್ಲಿ ಮೊಲ ಅಟ್ಟುವ ಹೌಂಡುಗಳಿಗೆ ಕಾಡಿನಲ್ಲೇ ಪರೀಕ್ಷೆ ನಡೆಸಿ ಅಂಕ ಕೊಡುತ್ತಾರೆ. ಆ ಅಂಕಗಳನ್ನು ವಂಶಾವಳಿಯೊಡನೆ ತಾಳೆ ನೋಡಿದಾಗ, ಬೇಟೆಯ ಗುಣಗಳ ಆನುವಂಶಿಕತೆ ತೀರ ಕಡಿಮೆ ಎಂದು ತಿಳಿಯಿತು. ಇದರ ಅರ್ಥವನ್ನು ಒಂದು ಊಹೆಯ ಲೆಕ್ಕದಲ್ಲಿ ನೋಡೋಣ. ನಿಮ್ಮ ಗಂಡು, ಹೆಣ್ಣು ಎರಡೂ ತಳಿಯ ಸರಾಸರಿಗಿಂತ ಹತ್ತು ಅಂಕ ಮುಂದಿವೆ. ಆನುವಂಶಿಕತೆ 0.1 ಆದರೆ ಮರಿಗಳಿಂದ ಸರಾಸರಿಗಿಂತ ಒಂದೇ ಅಂಕ ಹೆಚ್ಚು ನಿರೀಕ್ಷಿಸಬಹುದು. ಮಿಕ್ಕ ಒಂಬತ್ತು ಎಲ್ಲಿ ಹೋದವು? ಅವು ಎಂದೂ ರಕ್ತದಲ್ಲಿರಲಿಲ್ಲ. ಒಳ್ಳೆಯ ಹಳೆಯ ನಾಯಿಯ ಜೊತೆ ಓಡಿದ್ದು, ಯಜಮಾನ ವಾರಕ್ಕೆ ನಾಲ್ಕು ದಿನ ಕಾಡಿಗೆ ಕರೆದೊಯ್ದದ್ದು, ಪರೀಕ್ಷೆಯ ದಿನ ನೆಲ ತೇವವಾಗಿದ್ದದ್ದು, ಇವೆಲ್ಲ ಸೇರಿ ಆದದ್ದು. ಅಳತೆಯೇ ಸಡಿಲವಾಗಿದ್ದರೂ ಈ ಸಂಖ್ಯೆ ಕುಗ್ಗುತ್ತದೆ.

ಹೈನುಗಾರಿಕೆ ಬಲ್ಲವರಿಗೆ ಇದರ ಮದ್ದು ಗೊತ್ತು. ಹೋರಿಗೆ ಹಾಲಿಲ್ಲ, ಅದರ ಹೆಣ್ಣುಕರುಗಳು ದೊಡ್ಡವಾಗಿ ಎಷ್ಟು ಕರೆಯುತ್ತವೆಂದು ನೋಡಿ ಹೋರಿಯ ಬೆಲೆ ಕಟ್ಟುತ್ತಾರೆ. ನಾಯಿಯನ್ನೂ ಹಾಗೇ ಮರಿಗಳಿಂದ ಅಳೆಯಬೇಕು. ತೊಡಕೆಂದರೆ, ಬೆಕ್ಕಿನ ಜಾಡಿನಲ್ಲಿ ಪಳಗಲು ನಾಯಿಗೆ ಮೂರು ನಾಲ್ಕು ವರ್ಷ ಬೇಕು. ಮರಿಗಳ ಯೋಗ್ಯತೆ ತಿಳಿಯುವ ಹೊತ್ತಿಗೆ ಅಪ್ಪನಿಗೆ ವಯಸ್ಸಾಗಿರುತ್ತದೆ. ಆ ಸೂಲಿನ ಅರ್ಧ ಮರಿಗಳು ಬೇರೆಯವರ ಮನೆಯಲ್ಲಿ ಸರಪಳಿಗೆ ಕಟ್ಟಿಸಿಕೊಂಡು, ಕಾಡನ್ನೇ ಕಾಣದೆ ಇರುತ್ತವೆ. ಅವುಗಳ ಲೆಕ್ಕ ಯಾರೂ ಇಡುವುದಿಲ್ಲ. ಗೆದ್ದ ಒಂದು ಮರಿಯ ಹೆಸರು ಮಾತ್ರ ಎಲ್ಲರ ಬಾಯಲ್ಲಿ.

ಹೀಗಾಗಿ ಜನ ಅಡ್ಡದಾರಿ ಹಿಡಿಯುತ್ತಾರೆ: ಹೆಸರಾದ ನಾಯಿಯ ರಕ್ತವನ್ನೇ ಮತ್ತೆ ಮತ್ತೆ ಕೂಡಿಸುವುದು. ಮಲ ಒಡಹುಟ್ಟುಗಳನ್ನು ಕೂಡಿಸಿದರೆ ಒಳಸಂಬಂಧದ ಪ್ರಮಾಣ ಶೇಕಡ 12.5, ಒಡಹುಟ್ಟುಗಳನ್ನೇ ಕೂಡಿಸಿದರೆ 25. ಮರಿಗಳು ಒಂದೇ ಅಚ್ಚಿನಲ್ಲಿ ಎರೆದಂತೆ ಬರುತ್ತವೆ ನಿಜ, ಆದರೆ ಅಡಗಿದ್ದ ದೋಷಗಳೂ ಜೋಡಿಯಾಗಿ ಮೇಲೇಳುತ್ತವೆ. ಸೂಲು ಚಿಕ್ಕದಾಗುತ್ತದೆ, ಮರಿಗಳ ಕಸುವು ಇಳಿಯುತ್ತದೆ. ಇಷ್ಟೆಲ್ಲ ಬೆಲೆ ತೆತ್ತು ಉಳಿಸಿಕೊಳ್ಳಲು ಹೊರಟ ಬುದ್ಧಿಯೇ ರಕ್ತದಲ್ಲಿ ಅಷ್ಟಾಗಿ ಇರಲಿಲ್ಲವೆಂದರೆ, ಇದೆಂಥ ವ್ಯಾಪಾರ!

ಹಾಗೆಂದು ತಳಿಗಾರರು ಏನೂ ಸಾಧಿಸಿಲ್ಲ ಎನ್ನಲಾಗದು. 1960ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಮೌರಿಸ್ ಹಾರ್ನಾಕರ್ ಐಡಹೊದ ಬೆಟ್ಟಗಳಲ್ಲಿ ಪ್ಯೂಮಾಗಳ ಮೊದಲ ದೀರ್ಘ ಅಧ್ಯಯನ ಕೈಗೊಂಡಾಗ ನೆಚ್ಚಿಕೊಂಡದ್ದು ಬೇಟೆಗಾರ ವಿಲ್ಬರ್ ವೈಲ್ಸ್ ಸಾಕಿದ ಹೌಂಡುಗಳನ್ನೇ. ಅವು ಮರ ಹತ್ತಿಸಿದ ಪ್ಯೂಮಾಗಳಿಗೆ ಮತ್ತಿನ ಮದ್ದು ಕೊಟ್ಟು, ಗುರುತು ಹಾಕಿ ಬಿಡುತ್ತಿದ್ದರು.

ಈಗ ಹೌಂಡುಗಳ ಕೊರಳಿಗೆ ಜಿಪಿಎಸ್ ಪಟ್ಟಿ ಬಂದಿದೆ. ಕೆಲವೇ ಸೆಕೆಂಡಿಗೊಮ್ಮೆ ಪ್ರತಿ ನಾಯಿ ಎಲ್ಲಿದೆಯೆಂದು ಯಜಮಾನನ ಕೈಯಲ್ಲಿನ ತೆರೆಯ ಮೇಲೆ ಬಣ್ಣದ ಗೆರೆ ಮೂಡುತ್ತದೆ. ಕೂಗು ಕೇಳದಷ್ಟು ದೂರ ಹೋದರೂ ನಾಯಿ ಕಳೆದುಹೋಗುವುದಿಲ್ಲ. ಆದ್ದರಿಂದ ಗಟ್ಟಿ ಕಂಠಕ್ಕೆ ಮೊದಲಿದ್ದ ಬೆಲೆ ಮುಂದೆಯೂ ಉಳಿದೀತೆಂದು ಹೇಳಲಾರೆ. ಇನ್ನೊಂದು ಕಡೆ, ಇದುವರೆಗೆ ಯಾರ ಕಣ್ಣಿಗೂ ಬೀಳದಿದ್ದದ್ದು ಈಗ ಕಾಣತೊಡಗಿದೆ. ಜಾಡು ಕಡಿದ ಜಾಗದಲ್ಲಿ ಕೆಂಪು ಗೆರೆ ಒಂದೇ ಕಡೆ ಗಂಟು ಗಂಟಾಗಿ ನಿಲ್ಲುತ್ತದೆ. ನೀಲಿ ಗೆರೆ ಬಂದ ದಾರಿಯಲ್ಲೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಳದಿಯದು ಮಾತ್ರ ಒಂದು ಚಿಕ್ಕ ಉಂಗುರ ಬರೆದು, ಅದರ ಹೊರಗೆ ಇನ್ನೊಂದು ದೊಡ್ಡ ಉಂಗುರ ಬರೆದು, ಅಲ್ಲಿಂದ ಒಮ್ಮೆಲೇ ನೆಟ್ಟಗೆ ಪೂರ್ವಕ್ಕೆ ಹರಿಯುತ್ತದೆ.