ಎಲ್ಲೆಯ ಭಾಷೆ: ಶಾಸನದ ಸೀಮಾವಿವರಣೆ ಮತ್ತು ಕ್ರಯಪತ್ರದ ಚಕ್ಕುಬಂದಿ

ಕನ್ನಡ ದಾನಶಾಸನಗಳ ಅಧ್ಯಯನದಲ್ಲಿ ಪ್ರಶಸ್ತಿಗೆ, ವಂಶಾವಳಿಗೆ, ಶಾಪಾಶಯಕ್ಕೆ ಸಂದಷ್ಟು ಗಮನ ಎಲ್ಲೆಗಳನ್ನು ಹೇಳುವ ಭಾಗಕ್ಕೆ ಸಂದಿಲ್ಲ. ಸ್ಥಳನಾಮ ಸಂಶೋಧಕರು ಅದನ್ನು ಆಕರವಾಗಿ ಬಳಸಿಕೊಂಡಿದ್ದಾರೆ, ನಿಜ. ಆದರೆ ಅದೂ ಒಂದು ಬಗೆಯ ಗದ್ಯವೆಂದು, ಅದಕ್ಕೆ ತನ್ನವೇ ಆದ ನಿಯಮಗಳಿವೆಯೆಂದು ನೋಡಿದ್ದು ಕಡಿಮೆ. ಈ ಗದ್ಯದ ಉತ್ತರಾಧಿಕಾರಿ ಇಂದಿಗೂ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳ ಕೊನೆಯಲ್ಲಿ 'ಷೆಡ್ಯೂಲು' ಎಂಬ ಹೆಸರಿನಲ್ಲಿ ಜೀವಂತವಾಗಿದೆ. ಜಮೀನನ್ನು ಮಾತಿನಲ್ಲಿ ಗುರುತಿಸುವ ಮೂಲತತ್ತ್ವಗಳನ್ನು ಪ್ರಸ್ತುತ ಲೇಖನದಲ್ಲಿ ಭಾಷೆಯ ದೃಷ್ಟಿಯಿಂದ ವಿವೇಚಿಸಲಾಗಿದೆ.

ಬರೆದವನೂ ಬರೆಯಿಸಿದವನೂ ಇಲ್ಲದ ಕಾಲದಲ್ಲಿ ಅಪರಿಚಿತನೊಬ್ಬನು ಪತ್ರವನ್ನು ಕೈಯಲ್ಲಿ ಹಿಡಿದು ಹೋದರೆ ಅದೇ ಜಮೀನನ್ನು, ಅದೊಂದನ್ನೇ ತಲುಪಬೇಕು. ಉಳಿದೆಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ. 1908ರ ನೋಂದಣಿ ಕಾಯಿದೆಯ 21ನೆಯ ಕಲಮು ಸ್ಥಿರಾಸ್ತಿಯ ಪತ್ರದಲ್ಲಿ ಅದನ್ನು ಗುರುತಿಸಲು ಸಾಕಾಗುವಷ್ಟು ವಿವರಣೆ ಇರಬೇಕೆಂದು ವಿಧಿಸುತ್ತದೆ. 'ಸಾಕಾಗುವಷ್ಟು' ಎಂಬುದೇ ಅಲ್ಲಿನ ಅಳತೆಗೋಲು. ಆದ್ದರಿಂದ ಮಾತನಾಡುವವನು ನಿಂತ ನೆಲೆಯನ್ನು ಅವಲಂಬಿಸಿದ ಪದಗಳು ಇಲ್ಲಿ ಸಲ್ಲವು. 'ಎಡಕ್ಕೆ', 'ಆಚೆಗೆ', 'ಎದುರಿನ ಹೊಲ', 'ಮೇಲಿನ ಗದ್ದೆ' ಎಂಬವು ಊರಿನವರಿಗೆ ಅರ್ಥವಾಗುತ್ತವೆ, ಪತ್ರಕ್ಕೆ ಆಗುವುದಿಲ್ಲ.

ಶಾಸನಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗ್ರಾಮದಾನದ ವಿಸ್ತಾರವಾದ ಶಾಸನಗಳಲ್ಲಿ ಎಲ್ಲೆಯನ್ನು ಹೇಳುವ ಕ್ರಮ ನಡಿಗೆಯ ಕ್ರಮ. ಒಂದು ದಿಕ್ಕಿನಿಂದ ಹೊರಟು, 'ಅಲ್ಲಿಂದ' ಎಂಬ ಕೊಂಡಿಯಿಂದ ಒಂದೊಂದೇ ಗುರುತನ್ನು ಜೋಡಿಸುತ್ತ, ಎಂಟೂ ದಿಕ್ಕುಗಳನ್ನು ಬಳಸಿ ಹೊರಟಲ್ಲಿಗೇ ಬಂದು ಸೇರುವುದು. ಹುತ್ತ, ಹುಣಿಸೆಯ ಮರ, ಹಳ್ಳ, ಕೆರೆಯ ಕೋಡಿ, ಮೂರು ಊರುಗಳ ಎಲ್ಲೆ ಕೂಡುವ ಜಾಗ, ನಟ್ಟ ಕಲ್ಲು ಇವೇ ಆ ಗುರುತುಗಳು. ಮರ ಬೀಳುತ್ತದೆ, ಹುತ್ತ ಕರಗುತ್ತದೆ ಎಂಬ ಅರಿವಿನಿಂದಲೇ ಇರಬೇಕು, ಆಯಕಟ್ಟಿನ ಜಾಗಗಳಲ್ಲಿ ಲಿಂಗಮುದ್ರೆಯ ಅಥವಾ ವಾಮನಮುದ್ರೆಯ ಕಲ್ಲುಗಳನ್ನು ನೆಡುತ್ತಿದ್ದರು. ಹೊರಟಲ್ಲಿಗೆ ಮರಳಿ ಬಾರದ ವಿವರಣೆ ಯಾವ ನೆಲವನ್ನೂ ಸುತ್ತುವರಿಯುವುದಿಲ್ಲವೆಂಬುದು ಇಂದಿನ ಭೂಮಾಪನಶಾಸ್ತ್ರದ್ದೂ ಹೌದು.

ಇಂದಿನ ಪತ್ರಗಳಲ್ಲಿ ಈ ನಡಿಗೆ ಉಳಿದಿಲ್ಲ. ಅದರ ಸ್ಥಾನದಲ್ಲಿ ನಾಲ್ಕು ದಿಕ್ಕುಗಳ ಪಟ್ಟಿ, ಅಂದರೆ ಚಕ್ಕುಬಂದಿ ಇದೆ. ಹಿಂದೂಸ್ತಾನಿಯ 'ಚಕ್‌ಬಂದಿ' ಎಂಬ ಪದಕ್ಕೆ ಉತ್ತರ ಭಾರತದಲ್ಲಿ ಈಗ ಹಿಡುವಳಿಗಳ ಒಗ್ಗೂಡಿಸುವಿಕೆ ಎಂಬ ಅರ್ಥ ಪ್ರಚಲಿತವಾಗಿದ್ದರೆ, ಕನ್ನಡದಲ್ಲಿ ಅದು ನಾಲ್ಕು ಎಲ್ಲೆಗಳಿಗೇ ನಿಂತಿರುವುದು ಗಮನಾರ್ಹ. ಚಕ್ಕುಬಂದಿಯ ವ್ಯಾಕರಣವು ಚತುರ್ಥಿಯ ಮೇಲೆ ನಿಂತಿದೆ. 'ಪೂರ್ವಕ್ಕೆ ಕೆರೆ' ಎಂದರೆ ಜಮೀನಿನ ಪೂರ್ವದಲ್ಲಿ ಕೆರೆಯಿದೆ. 'ಕೆರೆಗೆ ಪೂರ್ವ' ಎಂದರೆ ಜಮೀನೇ ಕೆರೆಯ ಪೂರ್ವದಲ್ಲಿದೆ. ಪ್ರತ್ಯಯ ಒಂದು ಪದದಿಂದ ಇನ್ನೊಂದಕ್ಕೆ ಜರುಗಿದರೆ ಹೊಲ ಕೆರೆಯ ಈ ದಡದಿಂದ ಆ ದಡಕ್ಕೆ ಹೋಗುತ್ತದೆ! ತಮಿಳು ಪತ್ರಗಳಲ್ಲಿ ಎರಡನೆಯ ಮಾದರಿಯೇ ರೂಢಿಯಾಗಿರುವುದರಿಂದ ಗಡಿಭಾಗದ ದಾಖಲೆಗಳನ್ನು ಅನುವಾದಿಸುವವರು ಇಲ್ಲಿ ಎಚ್ಚರ ತಪ್ಪುವಂತಿಲ್ಲ. 'ಪೂರ್ವಕ್ಕೆ ಹಳ್ಳ' ಎಂಬಲ್ಲಿಯೂ ತೊಡಕಿದೆ. ಗೆರೆ ಬೀಳುವುದು ಹಳ್ಳದ ಈಚೆಯ ದಡಕ್ಕೋ ನಡುವಿಗೋ? 'ಹಳ್ಳದ ಪಶ್ಚಿಮ ದಡ' ಎಂದು ಇನ್ನೆರಡು ಪದ ಬರೆದಿದ್ದರೆ ಪ್ರಶ್ನೆಯೇ ಏಳುವುದಿಲ್ಲ.

ಸರ್ವೆ ನಂಬರು ಬಂದ ಮೇಲೆ ಮಾತಿನ ವಿವರಣೆ ಅನಗತ್ಯವಾಯಿತೆಂದು ಭಾವಿಸುವವರಿದ್ದಾರೆ. ನಂಬರು ಸಂಕ್ಷಿಪ್ತ, ನಕ್ಷೆಗೆ ಬದ್ಧ. ಆದರೆ ಒಂದು ಅಂಕಿ ಬಿಟ್ಟುಹೋದರೆ ಅದನ್ನು ತಿದ್ದುವ ಸಾಕ್ಷಿ ಅದರೊಳಗೇ ಇರುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ತೀರ್ಮಾನಿಸಿದ ಶಿಯೋಧ್ಯಾನ್ ಸಿಂಗ್ ಮೊಕದ್ದಮೆಯಲ್ಲಿ ಹರಾಜಿನ ಪ್ರಮಾಣಪತ್ರದಲ್ಲಿ 1060 ಎಂದಿರಬೇಕಾದ ನಂಬರು 160 ಎಂದಾಗಿತ್ತು. ಎಲ್ಲೆ, ವಿಸ್ತೀರ್ಣ, ಖಾತೆಗಳು ಸರಿಯಾಗಿದ್ದುದರಿಂದ ಅದು ಕೇವಲ ತಪ್ಪು ನಮೂದೆಂದು ಪರಿಗಣಿತವಾಗಿ ಜಮೀನು ಗುರುತಿಗೆ ಸಿಕ್ಕಿತು. ಎಲ್ಲೆಗಳು ಸ್ಪಷ್ಟವಾಗಿದ್ದು ವಿಸ್ತೀರ್ಣದೊಂದಿಗೆ ತಾಳೆಯಾಗದಿದ್ದಾಗ ಸಾಮಾನ್ಯವಾಗಿ ಎಲ್ಲೆಗಳೇ ಮೇಲಾಗುತ್ತವೆಂಬ ನ್ಯಾಯತತ್ತ್ವದ ಹಿಂದೆಯೂ ಇದೇ ವಿವೇಕವಿದೆ. ಕಣ್ಣಿಗೆ ಕಾಣುವ ಕಲ್ಲಿನ ವಿಷಯದಲ್ಲಿ ಜನರು ತಪ್ಪುವುದಕ್ಕಿಂತ ಲೆಕ್ಕದಲ್ಲಿ ತಪ್ಪುವುದೇ ಹೆಚ್ಚು.

ವಿಸ್ತೀರ್ಣವನ್ನು ಹೇಳುವಲ್ಲಿ ಹಳೆಯ ಶಾಸನಗಳು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಮತ್ತರು, ಕಮ್ಮಗಳ ಪ್ರಮಾಣ ಅಳೆದ ಗಳೆಯನ್ನು ಅವಲಂಬಿಸಿತ್ತು. ಗಳೆಯ ಉದ್ದ ಎಲ್ಲೆಡೆ ಒಂದೇ ಆಗಿರಲಿಲ್ಲ. ಯಾವ ಗಳೆಯೆಂದು ಹೆಸರಿಸಿರುವ ಶಾಸನಗಳು ಆ ಕೊರತೆಯನ್ನು ತುಂಬಿಕೊಂಡಿವೆ. ಖಂಡುಗ, ಕೊಳಗಗಳಂತೂ ಬಿತ್ತನೆಯ ಬೀಜದ ಅಳತೆಗಳು. ಈಗಿನ ಗುಂಟೆಯಲ್ಲಿ ಈ ಸಮಸ್ಯೆಯಿಲ್ಲ: 33 ಅಡಿ ಚದರ, 1089 ಚದರಡಿ, 40 ಗುಂಟೆಗೆ ಒಂದು ಎಕರೆ. ಆದರೂ 'ಖರಾಬು ಸೇರಿ' ಎಂದೋ 'ಖರಾಬು ಹೊರತು' ಎಂದೋ ಹೇಳದೆ '2 ಎಕರೆ 10 ಗುಂಟೆ' ಎಂದಷ್ಟೇ ಬರೆದ ಪತ್ರ ಅರೆಬರೆಯದೇ.

ಚಕ್ಕುಬಂದಿಯ ಅತ್ಯಂತ ದುರ್ಬಲ ಭಾಗ ನೆರೆಯವರ ಹೆಸರು. 'ಉತ್ತರಕ್ಕೆ ಇಂಥವನ ಜಮೀನು' ಎಂದು ಬರೆದ ಪತ್ರವನ್ನು ಎರಡು ತಲೆಮಾರಿನ ಬಳಿಕ ಓದಬೇಕಾದರೆ ಆ 'ಇಂಥವನ' ವಂಶಾವಳಿಯನ್ನೇ ಮೊದಲು ಬಿಡಿಸಬೇಕು. ಹೆಸರಿನ ಜೊತೆಗೆ ಆ ಜಮೀನಿನ ಸರ್ವೆ ಮತ್ತು ಹಿಸ್ಸಾ ನಂಬರನ್ನೂ ಬರೆಯುವುದು ಒಳ್ಳೆಯ ರೂಢಿ. ಇದಕ್ಕಿಂತಲೂ ತೊಡಕಿನದು 'ಇದೇ ನಂಬರಿನ ಉಳಿಕೆ ಜಮೀನು' ಎಂಬ ಪದಪುಂಜ. ಒಂದು ನಂಬರಿನ ನಾಲ್ಕು ತುಂಡುಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಮಾರಿದಾಗ ನಾಲ್ಕೂ ಪತ್ರಗಳಲ್ಲಿ ಅದೇ 'ಉಳಿಕೆ' ಕಾಣಿಸಿಕೊಳ್ಳುತ್ತದೆ, ಪ್ರತಿಸಲವೂ ಬೇರೆ ನೆಲವನ್ನು ಸೂಚಿಸುತ್ತ. ಅದರ ಅರ್ಥ ಪತ್ರದ ತಾರೀಖಿಗೆ ಕಟ್ಟುಬಿದ್ದಿದೆ. ಪತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಒಂದೊಂದೇ ತುಂಡನ್ನು ಕಳೆಯುತ್ತ ಹೋದರೆ ಮಾತ್ರ ಯಾವ ಉಳಿಕೆ ಯಾವುದೆಂದು ತಿಳಿಯುತ್ತದೆ.