ಅಣ್ಣಿಗೇರಿಯಲ್ಲಿ ಸಿಕ್ಕ ಪಿಕಾಸೊ

ಎಂಬತ್ತೋ ತೊಂಬತ್ತೋ ಸಲ! ಒಂದೇ ಒಂದು ಚಿತ್ರಕ್ಕಾಗಿ ಲೇಖಕಿ ಗರ್ಟ್ರೂಡ್ ಸ್ಟೈನ್ ಅಷ್ಟು ಸಲ ಪ್ಯಾರಿಸ್ಸಿನ ಮೋಮಾರ್ತ್ರ ಗುಡ್ಡ ಹತ್ತಿ ಹೋಗಿ ಪಿಕಾಸೊನ ಮುರುಕು ಆರಾಮಕುರ್ಚಿಯಲ್ಲಿ ಕೂತಳಂತೆ. ಆಕೆಯೇ ಬರೆದಿಟ್ಟ ಲೆಕ್ಕ. ಅಷ್ಟೆಲ್ಲ ಆದ ಮೇಲೆ, 1906ರ ವಸಂತದಲ್ಲಿ ಒಂದು ದಿನ, ಅವನು ಚಿತ್ರದೊಳಗಿನ ಆಕೆಯ ಮುಖವನ್ನೇ ಅಳಿಸಿಹಾಕಿದ! ಸ್ಪೇನಿನ ಗುಡ್ಡಗಾಡಿನ ಗೋಸೊಲ್ ಎಂಬ ಹಳ್ಳಿಗೆ ಹೋದ. ಮರಳಿ ಬಂದವನು, ಆಕೆ ಎದುರಿಗೆ ಇಲ್ಲದೆಯೇ ಹೊಸ ಮುಖ ಬರೆದು ಮುಗಿಸಿದ.

ಆಗ ಅವನಿಗೆ 24 ವರ್ಷ. ಚಿತ್ರ ಕೊಳ್ಳುವವರು ಬೆರಳೆಣಿಕೆ. ಸ್ಟೈನ್ ಮತ್ತು ಆಕೆಯ ಅಣ್ಣ ಲಿಯೊ ಅವನ ಚಿತ್ರಗಳನ್ನು ಕೊಂಡು, ಮನೆಯ ಗೋಡೆಗೆ ತೂಗುಹಾಕಿ, ಶನಿವಾರ ಸಂಜೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಅಂಥ ಆಶ್ರಯದಾತೆಯ ಮುಖ ಅಳಿಸುವುದೆಂದರೆ ಎಂಥ ಎದೆಗಾರಿಕೆ!

ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ, ಬಳಪದ ಕಲ್ಲಿನ ಕಂಬಕ್ಕೆ ಒರಗಿ, ಮೊಬೈಲಿನಲ್ಲಿ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕಂದು ಕೋಟಿನ ಭಾರವಾದ ಮೈ ಮುಂದಕ್ಕೆ ಬಾಗಿದೆ. ಕೊರಳಲ್ಲಿ ಬಿಳಿ ಬಟ್ಟೆ, ಅದರ ಮೇಲೆ ಹವಳದ ಪದಕ. ಕೈಗಳು ಮೆತ್ತಗೆ, ಜೀವಂತ. ಮುಖ ಮಾತ್ರ ಕಲ್ಲಿನಲ್ಲಿ ಕಡೆದು ತಂದು ಜೋಡಿಸಿದ ಮೊಗವಾಡ! ಎರಡು ಕಣ್ಣು ಒಂದು ಜೋಡಿಯೇ ಅಲ್ಲ. ಆ ವರ್ಷ ಲೂವ್ರ್ ಸಂಗ್ರಹಾಲಯದಲ್ಲಿ ಅವನು ಕಂಡಿದ್ದ ಸ್ಪೇನಿನ ಪುರಾತನ ಶಿಲ್ಪಗಳು ಇಲ್ಲಿ ಬಂದು ಕೂತಿವೆ. ಆಕೆ ಬೇಸರಪಟ್ಟಳೇ? ಇಲ್ಲ! ಸಾಯುವವರೆಗೂ ಆ ಚಿತ್ರವನ್ನು ಬಿಟ್ಟಿರಲಿಲ್ಲ. 1946ರಲ್ಲಿ ತೀರಿಕೊಂಡಾಗ, ಉಯಿಲಿನ ಪ್ರಕಾರ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಹೋಯಿತು.

ನೋಡುತ್ತ ನೋಡುತ್ತ ಮೈ ಜುಮ್ಮೆಂದಿತು. ಇದನ್ನು ನಾನು ಓದಿದ್ದೇನೆ! ಅದೂ ಕನ್ನಡದಲ್ಲಿ! ನಾನು ಕೂತಿದ್ದ ಊರಿಗೇ ನಂಟಿರುವ ಕವಿ ಪಂಪನಲ್ಲಿ! ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಹೇಳುತ್ತದೆ: ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ನಾನು ಒರಗಿದ್ದ ಗುಡಿ ಏಳುವುದಕ್ಕೂ ಒಂದು ಶತಮಾನ ಮೊದಲಿನ ಮಾತು.

ಪಂಪನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಅರಿಕೇಸರಿ. ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ಅವನ ಮೈಗೆ ಅರ್ಜುನನ ಮುಖ ಇಟ್ಟ! ಗುಣಾರ್ಣವ, ಸಾಮಂತಚೂಡಾಮಣಿ ಎಂಬ ಅವನ ಬಿರುದುಗಳು ಪಾಂಡವ ಮಧ್ಯಮನ ಹೆಸರಾದವು. ಆ ಮುಖ ಕೂಡಿಸಲು ವ್ಯಾಸರ ಕಥೆಯನ್ನೇ ಕದಲಿಸಿದ: ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಯುದ್ಧ ಗೆದ್ದ ಮೇಲೆ ಪಟ್ಟ ಧರ್ಮರಾಯನಿಗಲ್ಲ, ಅರ್ಜುನನಿಗೆ!

ಪಿಕಾಸೊನ ಚಿತ್ರದಲ್ಲಿ ಮೊಗವಾಡ ಮೈಗೆ ಕೂಡುವ ಅಂಚು ಕಾಣುತ್ತದಲ್ಲ, ಪಂಪನಲ್ಲೂ ಅಂಥದೊಂದು ಅಂಚಿದೆ, ಅದೇ ಕರ್ಣ. ಅಲ್ಲಿಗೆ ಬಂದಾಗ ಕವಿಯ ಕೈ ನಡುಗಿದ್ದು ನನಗಂತೂ ಕಾಣುತ್ತದೆ. ಒಡೆಯನನ್ನು ಮೆರೆಸಲು ಕೂತ ಕಾವ್ಯದಲ್ಲೇ, ಆ ಒಡೆಯನ ಬಾಣಕ್ಕೆ ಬಿದ್ದವನನ್ನು ನೆನೆಯಿರಿ ಎಂದು ಓದುಗರಿಗೆ ಹೇಳಿಬಿಟ್ಟ!

ಆ ಕಾವ್ಯಕ್ಕೆ ಅರಿಕೇಸರಿ ಕೊಟ್ಟದ್ದು ಧರ್ಮವುರವೆಂಬ ಇಡೀ ಅಗ್ರಹಾರ.