ಪೆನ್‌ಡ್ರೈವ್ ತುಂಬ ಶಾರ್ಟ್‌ಕಟ್ ಕಾಣಿಸಿದರೆ ಫಾರ್ಮ್ಯಾಟ್ ಮಾಡಬೇಕೇ?

“ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಬದಲು ಶಾರ್ಟ್‌ಕಟ್ ಕಾಣಿಸಿದರೆ ಫೈಲುಗಳನ್ನು ವೈರಸ್ ತಿಂದಿದೆ ಎಂದರ್ಥ. ತಕ್ಷಣ ಫಾರ್ಮ್ಯಾಟ್ ಮಾಡಿ” ಎಂಬ ಸಲಹೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದರಲ್ಲಿ ಮೊದಲ ಮಾತು ತಪ್ಪು, ಎರಡನೆಯದು ಅಪಾಯಕಾರಿ.

ಸ್ಕಾಲರ್‌ಶಿಪ್, ನೌಕರಿ ಅರ್ಜಿಗಳ ದಿನಗಳಲ್ಲಿ ಬೀದರ್, ಭಾಲ್ಕಿ, ಔರಾದ್‌ನ ಝೆರಾಕ್ಸ್ ಅಂಗಡಿಗಳ ಕಂಪ್ಯೂಟರ್‌ಗಳಿಗೆ ಒಂದರ ಹಿಂದೆ ಒಂದು ಪೆನ್‌ಡ್ರೈವ್ ಹಾಕುತ್ತಲೇ ಇರುತ್ತಾರೆ. ಒಳಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಅರ್ಹತಾ ಪ್ರಮಾಣಪತ್ರದ ಸ್ಕ್ಯಾನ್, ಪಕ್ಕದಲ್ಲೇ ಅಕ್ಕನ ಮದುವೆಯ ಫೋಟೊ. ಬೇರೆಲ್ಲೂ ಪ್ರತಿ ಇಲ್ಲದಿದ್ದರೆ, ಅರ್ಜಿಯ ಕೊನೆಯ ದಿನ ಗಾಬರಿಯಿಂದ ಫಾರ್ಮ್ಯಾಟ್ ಒತ್ತುವುದು ನಾವೇ ಕೈಯಾರೆ ಮಾಡಿಕೊಳ್ಳುವ ನಷ್ಟ.

ಫೈಲುಗಳು ನಿಜಕ್ಕೂ ಎಲ್ಲಿರುತ್ತವೆ?

ಅಲ್ಲೇ ಇರುತ್ತವೆ. ಈ ಬಗೆಯ ವೈರಸ್ ಸಾಮಾನ್ಯವಾಗಿ ಫೈಲುಗಳನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ. ನಿಮ್ಮ ಫೋಲ್ಡರ್‌ಗೆ ‘ಹಿಡನ್’, ‘ಸಿಸ್ಟಮ್’ ಎಂಬ ಗುರುತು ಹಚ್ಚಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದೆ ಇಡುತ್ತದೆ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರ್‌ಗೆ ತಳ್ಳುತ್ತವೆ. ಶಾರ್ಟ್‌ಕಟ್ ಒತ್ತಿದರೆ ನಿಮ್ಮ ಫೋಟೊ ಎಂದಿನಂತೆ ತೆರೆದುಕೊಳ್ಳುತ್ತದೆ. ಯಾರಿಗೂ ಅನುಮಾನ ಬರದಿರುವುದು ಅದಕ್ಕೇ. ಆದರೆ ಅದೇ ಕ್ಷಣ ಹಿಂದಿನಿಂದ ವೈರಸ್ ಮನೆಯ ಕಂಪ್ಯೂಟರ್ ಸೇರಿರುತ್ತದೆ. ಮುಂದೆ ಹಾಕುವ ಪ್ರತಿ ಪೆನ್‌ಡ್ರೈವ್‌ಗೂ ಅಂಟುತ್ತದೆ.

ಹಾಗಾಗಿ ಶಾರ್ಟ್‌ಕಟ್ ಒತ್ತಬೇಡಿ. ಮೊದಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಆ್ಯಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಮೊದಲೇ ಇರುತ್ತದೆ. ಆಮೇಲೆ ‘ವ್ಯೂ’ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಆನ್ ಮಾಡಿ. ಇಷ್ಟಕ್ಕೇ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಮುಂದಿನ ಟಿಕ್ ತೆಗೆಯಿರಿ. ಫೋಟೊ, ಪಿಡಿಎಫ್‌ಗಳನ್ನಷ್ಟೇ ಬೇರೆಡೆ ಕಾಪಿ ಮಾಡಿ, ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಫಾರ್ಮ್ಯಾಟ್ ಏನಿದ್ದರೂ ಇದರ ನಂತರ.

ಕಂಪ್ಯೂಟರ್‌ಗಿಂತ ಸುಲಭದ ದಾರಿ ಕೈಯಲ್ಲೇ ಇದೆ: ಒಟಿಜಿ ಅಡಾಪ್ಟರ್ ಮೂಲಕ ಪೆನ್‌ಡ್ರೈವ್ ಅನ್ನು ಆ್ಯಂಡ್ರಾಯ್ಡ್ ಫೋನಿಗೆ ಜೋಡಿಸಿ. ವಿಂಡೋಸ್‌ಗಾಗಿ ಬರೆದ ವೈರಸ್ ಅಲ್ಲಿ ಓಡುವುದಿಲ್ಲ. ವಿಂಡೋಸ್ ಹಚ್ಚಿದ ‘ಹಿಡನ್’ ಗುರುತನ್ನೂ ಫೋನು ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ, ಮರೆಯಾಗಿದ್ದ ಫೋಲ್ಡರ್ ಹಾಗೇ ಕಾಣುತ್ತದೆ.

ಇಂಟರ್ನೆಟ್ ಇಲ್ಲದಿದ್ದರೆ ವೈರಸ್ ಬರುವುದಿಲ್ಲವೇ?

ಬರುತ್ತದೆ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ವೈರಸ್‌ನ ಗುರಿ ಇರಾನಿನ ನತಾಂಜ್ ಯುರೇನಿಯಂ ಘಟಕ. ಅಲ್ಲಿನ ಯಂತ್ರಗಳಿಗೆ ಇಂಟರ್ನೆಟ್ ಇರಲಿಲ್ಲ, ಆದ್ದರಿಂದಲೇ ಅದನ್ನು ಪೆನ್‌ಡ್ರೈವ್ ಮೂಲಕ ಹಬ್ಬುವಂತೆ ರೂಪಿಸಿದ್ದರು. ಅದು ಬಳಸಿದ್ದೂ ಶಾರ್ಟ್‌ಕಟ್ ಫೈಲನ್ನೇ. ಅದರ ಐಕಾನ್ ಪರದೆಯಲ್ಲಿ ಮೂಡಿದರೆ ಸಾಕಿತ್ತು, ಒತ್ತುವ ಅಗತ್ಯವೂ ಇರಲಿಲ್ಲ. ಆ ದೋಷವನ್ನು ಮೈಕ್ರೋಸಾಫ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ಸರಿಪಡಿಸಿತು. ಆದರೆ ನೆಟ್ ಇಲ್ಲದ ಮನೆಯ ಕಂಪ್ಯೂಟರ್‌ಗೆ ಇಂಥ ಅಪ್‌ಡೇಟ್ ತಲುಪುವುದೇ ಇಲ್ಲ. ತಿಂಗಳಿಗೊಮ್ಮೆಯಾದರೂ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅಪ್‌ಡೇಟ್ ಮಾಡಿಕೊಳ್ಳುವುದು ಒಳ್ಳೆಯದು ಎಂದು ನಮಗನಿಸುತ್ತದೆ.

‘ಇಜೆಕ್ಟ್’ ಮಾಡದೆ ಕಿತ್ತರೆ ಪೆನ್‌ಡ್ರೈವ್ ಸುಡುತ್ತದೆ ಎಂಬ ಮಾತೂ ಇದೆ. ಸುಡುವುದಿಲ್ಲ. ವಿಂಡೋಸ್ 10ರ 2018ರ ಅಪ್‌ಡೇಟ್‌ನಿಂದೀಚೆಗೆ ಕಾಪಿ ಮುಗಿದಿದ್ದರೆ ನೇರವಾಗಿ ತೆಗೆಯಬಹುದು. ಕಾಪಿ ನಡೆಯುತ್ತಿರುವಾಗ ಕಿತ್ತರೆ, ಅಥವಾ ನಡುವೆ ಕರೆಂಟ್ ಹೋದರೆ ಫೈಲು ಕೆಡಬಹುದು.

ಇನ್ನೊಂದು ಪ್ರಶ್ನೆ ಕನ್ನಡಿಗರದ್ದೇ. ಮನೆಯಲ್ಲಿ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಅರ್ಜಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, “ವೈರಸ್ ಬಂದಿದೆ” ಎನ್ನುತ್ತಾರೆ. ಅದು ವೈರಸ್ ಅಲ್ಲ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪಗಳನ್ನು ಕೂರಿಸಿವೆ, ಫಾಂಟ್ ಇಲ್ಲದ ಕಡೆ ಮೂಲ ಇಂಗ್ಲಿಷ್ ಹೊರಬೀಳುತ್ತದೆ. ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ದರೆ ಅಕ್ಷರ ಬದಲಾಗುವುದಿಲ್ಲ. ಆ ಒಂದು ಪಿಡಿಎಫ್ ಮಾತ್ರ ಇರುವ ಬೇರೆ ಪೆನ್‌ಡ್ರೈವ್ ಅಂಗಡಿಗೆ ಹೋಗಲಿ, ಮದುವೆಯ ಫೋಟೊ ಮನೆಯಲ್ಲೇ ಇರಲಿ.